ಹೊಂಡ ತೋಡುವಾಗ ಮಡಕೆ ಸಿಕ್ಕಿದೆ, ಲ್ಯಾಬಿಗೆ ಕಳಿಸಲಾ?

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕು. ತೋಟದ ಪಕ್ಕ ಕೃಷಿ ಹೊಂಡ ತೋಡಿಸುವಾಗ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಸಿಕ್ಕಿದೆ. ಜೊತೆಗೆ ಮೂಳೆ ಚೂರು, ತುಕ್ಕು ಹಿಡಿದ ಕಬ್ಬಿಣ. ಸುತ್ತ ದುಂಡಗೆ ಕಲ್ಲುಗಳಿವೆ. ಸರ್ಕಾರಿ ಸಂಶೋಧನಾ ಕೇಂದ್ರಕ್ಕೆ ನಾನೇ ಕೊರಿಯರ್ ಮಾಡಿದರೆ ವಯಸ್ಸು ಹೇಳ್ತಾರಾ ಸರ್? ಅಂಥ ಕೇಂದ್ರಗಳಿಂದ ನಮ್ಮಂಥವರಿಗೆ ಏನು ಉಪಯೋಗ?

ಉತ್ತರ: ಕೊರಿಯರ್ ಮಾಡಬೇಡಿ. ಮೊದಲು ಜೆಸಿಬಿ ನಿಲ್ಲಿಸಿ, ಮಡಕೆ ತೊಳೆಯಬೇಡಿ. ನೀವು ಹೇಳಿದ್ದು ನೋಡಿದರೆ ಅದು ಕಬ್ಬಿಣ ಯುಗದ ಸಮಾಧಿ ಇರಬಹುದು, ನಮ್ಮ ಕಡೆ ಜನ ಪಾಂಡವರ ಕಾಲದ್ದು ಅಂತಾರಲ್ಲ, ಆ ಥರದ್ದು.

ವಯಸ್ಸು ಗೊತ್ತಾಗೋದು ಮಡಕೆ ಒಂದರಿಂದಲೇ ಅಲ್ಲ, ಅದು ಕೂತಿದ್ದ ಮಣ್ಣಿನಿಂದ. ಕಾರ್ಬನ್ ಪರೀಕ್ಷೆಗೆ ಜೀವ ಇದ್ದ ವಸ್ತು ಬೇಕು: ಇದ್ದಿಲು, ಮೂಳೆ, ಕಾಳು. ಈಗಿನ ಯಂತ್ರಗಳಿಗೆ ಸುಟ್ಟ ಒಂದು ಕಾಳು ಸಿಕ್ಕರೂ ಎಷ್ಟೋ ಸಲ ಸಾಕು. ಕಲ್ಲಿಗೆ ಇದು ನಡೆಯಲ್ಲ, ಹಲ್ಮಿಡಿ ಶಾಸನದ ಕಾಲವನ್ನು ಲಿಪಿ ಮತ್ತು ಅದರಲ್ಲಿರುವ ಹೆಸರುಗಳಿಂದಲೇ ಅಂದಾಜು ಮಾಡಿದ್ದು. ಇನ್ನೊಂದು ದಾರಿ ಇದೆ. ಮಣ್ಣಿನ ಕಣ ಕೊನೆಯ ಸಲ ಬಿಸಿಲು ಕಂಡಿದ್ದು ಯಾವಾಗ ಅಂತ ಅಳೆಯೋದು. ಅದಕ್ಕೆ ಹೊಂಡದ ಗೋಡೆಗೆ ಕಬ್ಬಿಣದ ಪೈಪು ಹೊಡೆದು, ಎರಡೂ ಬಾಯಿ ಮುಚ್ಚಿ, ಬೆಳಕು ಸೋಕದ ಹಾಗೆ ಮಣ್ಣು ತೆಗೀತಾರೆ, ಲ್ಯಾಬಲ್ಲೂ ಮಂದ ಕೆಂಪು ದೀಪದಲ್ಲೇ ಕೆಲಸ. ನೀವು ಬಗೆದು ಗುಡ್ಡೆ ಹಾಕಿದ ಮಣ್ಣಿಂದ ಇದು ಆಗಲ್ಲ.

ಇನ್ನು ಉಪಯೋಗದ ಮಾತು. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು, ಇಂಥ ಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಶುರುವಾದವು ಅಂದರು. ಆಮೇಲೆ 1965ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಕಬ್ಬಿಣ ಬಂದ ಕಾಲ ಕ್ರಿ.ಪೂ. 1000ದ ಹತ್ತಿರ ಅಂತ ಬಂತು. ಒಂದು ಚೂರು ಇದ್ದಿಲಿಂದ ನಮ್ಮ ನೆಲದ ಚರಿತ್ರೆ ಎಂಟುನೂರು ವರ್ಷ ಹಿಂದಕ್ಕೆ ಸರಿಯಿತು! ಅದು ಸಾರ್ವಜನಿಕ ಸಂಸ್ಥೆಯ ಲ್ಯಾಬು. ಫಲಿತಾಂಶ ಅಚ್ಚಾಯಿತು, ಯಾರು ಬೇಕಾದರೂ ಓದಿ ಪ್ರಶ್ನೆ ಮಾಡಬಹುದಿತ್ತು. ಇವತ್ತು ಇಂಥ ಕೆಲಸ ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆ, ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯವಾದ ಪಿಆರ್‌ಎಲ್, ದೆಹಲಿಯಲ್ಲಿರುವ ವಿಶ್ವವಿದ್ಯಾಲಯಗಳ ಸಾಮಾನ್ಯ ವೇಗವರ್ಧಕ ಕೇಂದ್ರ ಐಯುಎಸಿಗಳಲ್ಲಿ ನಡೆಯುತ್ತೆ.

ದುಡ್ಡು ಕೊಟ್ಟರೆ ಖಾಸಗಿ ಲ್ಯಾಬೂ ಇಷ್ಟು ವರ್ಷ ಹಳೇದು ಅಂತ ಬರೆದು ಕೊಡುತ್ತೆ, ಸುಳ್ಳಲ್ಲ. ಆದರೆ ಯಾರೂ ದುಡ್ಡು ಕೊಡದ ಕೆಲಸ ಇರುತ್ತಲ್ಲ, ಅದನ್ನು ಯಾರು ಮಾಡಬೇಕು? ಉದಾಹರಣೆಗೆ ಹುರುಳಿ, ಹೆಸರು, ಕೊರಲೆ, ಸಾಮೆ ಕಾಳುಗಳನ್ನು ಇವತ್ತಿನ ಹೊಲದಿಂದ ತಂದು, ಸುಟ್ಟು, ಪೆಟ್ಟಿಗೆಗಳಲ್ಲಿ ಜೋಡಿಸಿಡೋದು. ಹಳೇ ಮಣ್ಣಲ್ಲಿ ಸಿಕ್ಕ ಕರಿಕಾಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಇದರ ಪಕ್ಕ ಹೋಲಿಸಿದರೇ ಗುರುತು ಹತ್ತೋದು. ಕಬ್ಬಿಣಕ್ಕೂ ಮುಂಚಿನ ನವಶಿಲಾಯುಗದಲ್ಲಿ ನಮ್ಮವರು ಹುರುಳಿ, ಹೆಸರು, ಕೊರಲೆ ಬೆಳೀತಿದ್ದರು ಅಂತ ಗೊತ್ತಾಗಿದ್ದೇ ಹೀಗೆ. ಆ ಪೆಟ್ಟಿಗೆಗಳನ್ನು ಐವತ್ತು ವರ್ಷ ಕಾಯೋಕೆ ಜನರ ದುಡ್ಡು ಬೇಕು, ಅದು ದಂಡ ಅಂತ ನನಗೆ ಯಾವತ್ತೂ ಅನಿಸಿಲ್ಲ. ನಿಮ್ಮ ಮಡಕೆ ತೊಳೆಯಬೇಡಿ ಅಂದಿದ್ದೂ ಇದಕ್ಕೇ. ಅದರೊಳಗಿನ ಮಣ್ಣಲ್ಲಿ ಕಾಳು ಇರಬಹುದು, ಮಡಕೆ ಗೋಡೆಯಲ್ಲಿ ಹಾಲಿನದೋ ಮಾಂಸದ್ದೋ ಜಿಡ್ಡು ಉಳಿದಿರಬಹುದು.

ಈಗ ನೀವು ಮಾಡಬೇಕಾದ್ದು ಇಷ್ಟೇ. ಹೊಂಡದ ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ. ಯಾವ ಆಳದಲ್ಲಿ ಸಿಕ್ಕಿತು ಅಂತ ಇವತ್ತೇ ಬರೆದಿಡಿ, ನಾಳೆ ಮರೆತುಹೋಗುತ್ತೆ. ತಹಶೀಲ್ದಾರ್ ಕಚೇರಿಗೂ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಲ್ಯಾಬಿಗೆ ಮಾದರಿ ಅವರ ಮೂಲಕ ಹೋಗಲಿ. ಮೂಳೆಯನ್ನು ಮಾತ್ರ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತೆ.