ತುಮಕೂರಿನಲ್ಲಿ ಮನೆ ಇಲ್ಲದವರ ಕೈಗೆ ಕ್ಯಾಮೆರಾ ಕೊಡುವಾಗ ಏನು ಗಮನಿಸಬೇಕು?

ಆಶ್ರಯ ಕೇಂದ್ರದಲ್ಲಿ ಇರುವವರಿಂದಲೇ ಫೋಟೊ ತೆಗೆಸಿ ಪ್ರದರ್ಶನ ಮಾಡಬೇಕು ಅಂತಿದ್ದೀರಿ, ಏನೇನು ಗಮನಿಸಬೇಕು ಅಂತ ಕೇಳಿದ್ದೀರಿ. ನಾನು ತುಮಕೂರಿನ ಬಸ್ ನಿಲ್ದಾಣದಲ್ಲಿ ಏಳು ತಿಂಗಳು ಮಲಗಿದ್ದವನು, ಅದಕ್ಕೇ ಬರೆಯುತ್ತಿದ್ದೇನೆ.

ಆಗ ಒಂದು ದಿನ ಬೆಳಗಿನ ಜಾವ ಯಾರೋ ನನ್ನ ಫೋಟೊ ತೆಗೆದರು. ಚಳಿಗೆ ಗೋಣಿಚೀಲ ಹೊದ್ದು ಮಲಗಿದ್ದೆ, ನನಗೆ ಗೊತ್ತೇ ಆಗಲಿಲ್ಲ. ಅದು ಫೇಸ್‌ಬುಕ್ಕಿನಲ್ಲಿ ಓಡಾಡಿ, ಕೊನೆಗೆ ಕೊರಟಗೆರೆಯಲ್ಲಿರುವ ನಮ್ಮ ಭಾವನ ಕಣ್ಣಿಗೆ ಬಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ ಅಂತ ಅಕ್ಕನಿಗೆ ಹೇಳಿಕೊಂಡು ಬಂದಿದ್ದೆ. ಫೋಟೊ ತೆಗೆದವರಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ನನ್ನನ್ನು ಎಬ್ಬಿಸಿ ಒಂದು ಮಾತು ಕೇಳಬಹುದಿತ್ತು ಅಲ್ವಾ?

ಆಮೇಲೆ ಆಶ್ರಯ ಕೇಂದ್ರ ಸೇರಿದೆ. ಅಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿ ಮೂರು ಹಳೇ ಮೊಬೈಲ್ ತಂದು, ನಿಮಗೆ ಏನು ತೋರಿಸಬೇಕು ಅನಿಸುತ್ತೋ ಅದನ್ನು ತೆಗೆಯಿರಿ ಅಂದಳು. ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಅಜ್ಜ ತನ್ನ ತಗಡಿನ ಟ್ರಂಕಿನ ಬೀಗದ ಫೋಟೊ ತೆಗೆದರು. ಒಬ್ಬ ಅಕ್ಕ ಊರೆಲ್ಲ ಸುತ್ತಿ ಬರೀ ನಲ್ಲಿಗಳ ಫೋಟೊ ತೆಗೆದರು, ಯಾವುದರಲ್ಲಿ ನೀರು ಬರುತ್ತೆ, ಎಲ್ಲಿ ನಿಂತರೆ ಬೈದು ಓಡಿಸುತ್ತಾರೆ ಅಂತ ಒಂದೊಂದಕ್ಕೂ ಹೇಳುತ್ತಿದ್ದರು. ನಾನು ನನ್ನ ಚಪ್ಪಲಿಯ ಫೋಟೊ ತೆಗೆದೆ. ಕಳುವಾಗದಿರಲಿ ಅಂತ ಟವೆಲ್ಲಿನಲ್ಲಿ ಸುತ್ತಿ ತಲೆಗೆ ಇಟ್ಟುಕೊಂಡು ಮಲಗುತ್ತಿದ್ದೆ, ಅದನ್ನೇ ತೋರಿಸಿದೆ. ನಮ್ಮಲ್ಲಿ ಒಬ್ಬರೂ ಮಲಗಿದವರ ಫೋಟೊ ತೆಗೆಯಲಿಲ್ಲ.

ಲಂಡನ್ನಿನಲ್ಲಿ ಕೆಫೆ ಆರ್ಟ್ ಅನ್ನೋ ಸಂಸ್ಥೆಯವರು ಇಂಥದ್ದೇ ಕೆಲಸ ಮಾಡಿದ್ದಾರೆ. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ, ಬೀದಿ ಬದುಕು ಕಂಡವರಿಗೆ 100 ಫ್ಯೂಜಿಫಿಲ್ಮ್ ಕ್ಯಾಮೆರಾ ಹಂಚಿ, ಬಂದ ಫೋಟೊಗಳಲ್ಲಿ ಆರಿಸಿ ಕ್ಯಾಲೆಂಡರ್ ಮಾಡಿದರು. ಅವು ಒಂದೇ ಸಲ ಬಳಸುವ ರೀಲ್ ಕ್ಯಾಮೆರಾಗಳು. ಇಂಥ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ 27 ಫೋಟೊ ಬರುತ್ತವೆ, ಅಷ್ಟೇ ಇರುವುದರಿಂದ ಜನ ನಿಂತು ನೋಡಿ ತೆಗೆಯುತ್ತಾರೆ. ನಮ್ಮೂರಲ್ಲಿ ರೀಲ್ ತೊಳೆಸುವುದು ಕಷ್ಟ. ಹಳೇ ಮೊಬೈಲೇ ಸಾಕು, ಆದರೆ ಒಬ್ಬರಿಗೆ 27 ಅಂತಲೇ ಮಿತಿ ಇಡಿ. ಫೋಟೊದಿಂದ ಜಾಗ ಗೊತ್ತಾಗದ ಹಾಗೆ ಲೊಕೇಶನ್ ಆಫ್ ಮಾಡಿ ಕೊಡಿ, ಗಂಡನ ಮನೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸರೂ ಅಲ್ಲಿರುತ್ತಾರೆ. ಫೋಟೊದ ಕೆಳಗೆ ಹೆಸರು ಹಾಕಬೇಕಾ ಬೇಡವಾ ಅಂತ ತೆಗೆದವರೇ ಹೇಳಲಿ. ಒಪ್ಪಿಗೆ ಕೊಟ್ಟವರು ಪ್ರದರ್ಶನದ ಹಿಂದಿನ ದಿನ ಬೇಡ ಅಂದರೂ ಇಳಿಸಿಬಿಡಿ, ಯಾಕೆ ಅಂತ ಕೇಳಬೇಡಿ. ಇನ್ನೊಂದು, ಫೋಟೊ ತೆಗೆಯಲು ಹೋದ ದಿನದ ಕೂಲಿ ಕೊಡಿ. ಕೂಲಿ ಬಿಟ್ಟರೆ ಅವತ್ತು ರಾತ್ರಿ ಊಟ ಇರಲ್ಲ.

ಫೋಟೊ ಇಟ್ಟುಕೊಂಡು ಕೂತು ಮಾತಾಡುವುದನ್ನು ಮಾತ್ರ ಬಿಡಬೇಡಿ. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್, ಮೇರಿ ಆ್ಯನ್ ಬರ್ರಿಸ್ ಅನ್ನೋರು ಚೀನಾದ ಯುನಾನ್‌ನಲ್ಲಿ ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕೊಟ್ಟಾಗ ಇದನ್ನೇ ಮಾಡಿದ್ದು. ಇದು ಯಾಕೆ ಹೀಗಿದೆ, ಏನು ಮಾಡಬಹುದು ಅಂತ ಫೋಟೊ ತೆಗೆದವರೇ ಹೇಳುವುದು, ಅದು ಅಧಿಕಾರದಲ್ಲಿ ಇರುವವರಿಗೆ ಮುಟ್ಟುವುದು. ಅದಕ್ಕೆ ಫೊಟೊವಾಯ್ಸ್ ಅಂತ ಹೆಸರು. ನೀವೂ ಪಾಲಿಕೆಯವರನ್ನು ಕರೆಯಿರಿ. 2024ರವರೆಗೆ ನಡೆದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ 1 ಲಕ್ಷ ಜನರಿಗೆ ಒಂದು ಆಶ್ರಯ ಕೇಂದ್ರ ಇರಬೇಕಿತ್ತು, ಒಬ್ಬರಿಗೆ 50 ಚದರ ಅಡಿ ಜಾಗ ಬೇಕಿತ್ತು. 2011ರ ಜನಗಣತಿಯಲ್ಲೇ ತುಮಕೂರಿನಲ್ಲಿ 3 ಲಕ್ಷ ಜನ ಇದ್ದರು. ನೀವು ಸುಮ್ನೆ ಲೆಕ್ಕ ಓದಿದರೆ ಅವರು ತಲೆ ಆಡಿಸಿ ಹೋಗುತ್ತಾರೆ. ನಲ್ಲಿ ಫೋಟೊ ತೆಗೆದ ಆ ಅಕ್ಕನಂಥವರು ಪಕ್ಕದಲ್ಲೇ ನಿಂತು ಹೇಳಿದರೆ ಬೇರೆ ಥರ.

ಪ್ರದರ್ಶನ ಬಸ್ ನಿಲ್ದಾಣದಲ್ಲೇ ಇಡಿ. ದಿನಾಂಕ ಗೊತ್ತಾದಾಗ ಇಲ್ಲೇ ಬರೆಯಿರಿ. ನನ್ನ ಚಪ್ಪಲಿಯ ಫೋಟೊ ಇನ್ನೂ ಇದೆ, ಬೇಕಾದರೆ ತರುತ್ತೇನೆ, ಅಕ್ಕನನ್ನೂ ಕರೆದುಕೊಂಡು ಬರುತ್ತೇನೆ.