ಕೊಡದವರು ಯಾರು?

(ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಕನ್ನಡತಿಯೊಬ್ಬರು ಅಲ್ಲಿಗೆ ಹತ್ತಿರದ ಸರ್ಬಿನ್ ಎಂಬ ಹಳ್ಳಿಯ ಲೂಥರನ್ ಸಭೆಯ, ಅಂದರೆ ಮಾರ್ಟಿನ್ ಲೂಥರ್‌ನ ದಾರಿ ಹಿಡಿದ ಪ್ರೊಟೆಸ್ಟೆಂಟ್ ಕ್ರೈಸ್ತರ ಚರ್ಚು ಬಳಗದ, ಚರಿತ್ರೆ ಬರೆದು ಕಳಿಸಿದ್ದರು. ಲೇಖನವನ್ನು ಸದ್ಯಕ್ಕೆ ವಾಪಸ್ ಕಳಿಸಿದ್ದೇವೆ. ಅದರ ಜೊತೆ ಹೋದ ಪತ್ರ ಇದು. ಅವರ ಒಪ್ಪಿಗೆಯಿಂದ, ಹೆಸರಿಲ್ಲದೆ, ಇಲ್ಲಿ ಹಾಕಿದ್ದೇವೆ.)

ನಮಸ್ಕಾರ ಮೇಡಂ,

ನಿಮ್ಮ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪಿಲ್ಲ. ಸೇಂಟ್ ಪಾಲ್ ಚರ್ಚಿನ ಒಳಗಿನ ವರ್ಣನೆ ಚೆನ್ನಾಗಿದೆ. ಫೋಟೋಗಳಿಗೆ ಥ್ಯಾಂಕ್ಸ್.

ಹೊಗಳುವುದು ಇಷ್ಟೇ. ಇನ್ನು ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ. ಸಿಟ್ಟು ಬರಲು ಕಾರಣ ಲೇಖನ ಕೆಟ್ಟದಾಗಿದೆ ಅಂತಲ್ಲ. ಕೆಟ್ಟ ಲೇಖನಗಳಿಗೆ ನಾವು ಎರಡು ಸಾಲಿನ ಉತ್ತರ ಬರೆದು ಸುಮ್ನಾಗುತ್ತೇವೆ. ನಿಮ್ಮ ಕೈಗೆ ಸಿಕ್ಕಿರುವ ವಿಷಯ ಅಪರೂಪದ್ದು. ಜರ್ಮನಿಯ ಲುಸೇಷಿಯ ಅನ್ನುವ ಸೀಮೆಯಿಂದ, ಸುತ್ತ ಜರ್ಮನ್ ಆಡುವವರ ನಡುವೆ ತಮ್ಮದೇ ಸ್ಲಾವ್ ಭಾಷೆ ವೆಂಡಿಶ್ ಉಳಿಸಿಕೊಂಡಿದ್ದ ರೈತರು, ಕೂಲಿಗಳು, ಕಸುಬಿನವರು, ಪಾದ್ರಿಯನ್ನೂ ಚರ್ಚಿನ ಗಂಟೆಯನ್ನೂ ಜೊತೆಗೆ ಕರೆದುಕೊಂಡು ಟೆಕ್ಸಸ್‌ನ ಕಾಡಿಗೆ ಬಂದು ಕೂತರು. ಈ ವೆಂಡ್ ಜನರ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ಇದೇ ಮೊದಲು. ಅದನ್ನು ನೀವು ಸರ್ಕಾರಿ ವಾರ್ಷಿಕ ವರದಿಯ ಹಾಗೆ ಬರೆದು ಕಳಿಸಿದ್ದೀರಿ.

ಎರಡನೇ ಪ್ಯಾರಾ ತೆಗೆಯಿರಿ. "1854ರಲ್ಲಿ ಸುಮಾರು 500 ಜನರ ಗುಂಪು ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಅಮೆರಿಕಕ್ಕೆ ಪ್ರಯಾಣ ಬೆಳೆಸಿತು. ಮಾರ್ಗಮಧ್ಯೆ ಹಲವು ಸಂಕಷ್ಟಗಳನ್ನು ಎದುರಿಸಲಾಯಿತು."

ಹಲವು ಸಂಕಷ್ಟ! ಅದಕ್ಕೆ ಹೆಸರಿದೆ ಮೇಡಂ. ಕಾಲರಾ. ಲಿವರ್‌ಪೂಲಿನಲ್ಲಿ ಬೆನ್ ನೆವಿಸ್ ಹಡಗು ಹತ್ತುವಷ್ಟರಲ್ಲೇ ಅದು ಇವರಿಗೆ ಅಂಟಿತ್ತು. ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನಲ್ಲಿ ಹಡಗು ನಿಲ್ಲಿಸಿ, ಜನರನ್ನು ಇಳಿಸಿ, ಹಡಗಿಗೆ ಹೊಗೆ ಹಾಕಿ ಶುದ್ಧ ಮಾಡಿದರು. ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಗಾಲ್ವೆಸ್ಟನ್ ಬಂದರು ತಲುಪುವ ಹೊತ್ತಿಗೆ 70ಕ್ಕೂ ಹೆಚ್ಚು ಜನ ಸತ್ತಿದ್ದರು. ಸುಮಾರು ಏಳು ಜನರಲ್ಲಿ ಒಬ್ಬರು. ಇದೆಲ್ಲ ನಿಮಗೆ ಗೊತ್ತಿದೆ. ಯಾಕಂದ್ರೆ ಕೊನೆಯ ಪುಟದಲ್ಲಿ, ಫೋಟೋದ ಕೆಳಗೆ, ಸಣ್ಣ ಅಕ್ಷರದಲ್ಲಿ "ಬೆನ್ ನೆವಿಸ್‌ನಲ್ಲಿ ತೀರಿಕೊಂಡವರ ಸ್ಮರಣೆ" ಅಂತ ನೀವೇ ಬರೆದಿದ್ದೀರಿ. ಗೊತ್ತಿದ್ದೂ ಯಾಕೆ ಮುಚ್ಚಿಟ್ಟಿರಿ?

"ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ" ಅನ್ನುವುದೂ ಅರ್ಧ ಸತ್ಯ. ಆಗಿನ ಜರ್ಮನ್ ರಾಜ್ಯ ಪ್ರಶ್ಯದ ರಾಜ ಮೂರನೇ ಫ್ರೆಡರಿಕ್ ವಿಲ್ಹೆಲ್ಮ್ 1817ರಿಂದ ಲೂಥರನ್ನರನ್ನೂ ಇನ್ನೊಂದು ಪ್ರೊಟೆಸ್ಟೆಂಟ್ ಪಂಥವಾದ ರಿಫಾರ್ಮ್ಡ್‌ನವರನ್ನೂ ಒಂದೇ ಚರ್ಚಿಗೆ ಕೂಡಿಸಲು ಹೊರಟ. ಒಪ್ಪದವರು 'ಹಳೆ ಲೂಥರನ್ನರು' ಅನಿಸಿಕೊಂಡು ಬೇರೆ ನಿಂತರು. ಅವರ ಪಾದ್ರಿ ಯಾನ್ ಕಿಲಿಯನ್. ಇಷ್ಟು ಸರಿ. ಆದರೆ ಹಡಗು ಹತ್ತಿದವರಲ್ಲಿ ಪಕ್ಕದ ಇನ್ನೊಂದು ಜರ್ಮನ್ ರಾಜ್ಯ ಸ್ಯಾಕ್ಸನಿಯವರೂ ಇದ್ದರು. ಪ್ರಶ್ಯದ ರಾಜನ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಹಾಗಾದರೆ ಅವರು ಯಾಕೆ ಹೊರಟರು? ಊರಲ್ಲಿ ಜಮೀನಿಲ್ಲ. ಟೆಕ್ಸಸ್‌ನಲ್ಲಿ ಎಕರೆಗೆ ಒಂದು ಡಾಲರ್. ದೇವರ ಜೊತೆಗೆ ಹೊಟ್ಟೆಯೂ ಇತ್ತು ಅಂತ ಬರೆದರೆ ಅವರಿಗೇನೂ ಅವಮಾನವಲ್ಲ.

ಇದೇ ಪ್ಯಾರಾದ ಕೊನೆಯ ವಾಕ್ಯ ಓದಿ ಪೆನ್ನು ಕೆಳಗಿಟ್ಟೆ. "ನಮ್ಮ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಂತೆ ಇವರೂ ಲೂಥರನ್ ಧರ್ಮಪ್ರಚಾರಕ್ಕೆ ಕಡಲು ದಾಟಿದವರು." ನಮ್ಮ ಓದುಗರಿಗೆ ಹತ್ತಿರವಾಗಲಿ ಅಂತ ಬರೆದಿದ್ದೀರಿ, ತಿಳಿಯುತ್ತದೆ. ಆದರೆ ಈ ಜನ ಯಾರಿಗೂ ಪ್ರಚಾರ ಮಾಡಲು ಹೋದವರಲ್ಲ. ತಮ್ಮನ್ನು ತಮ್ಮ ಪಾಡಿಗೆ ಬಿಡಿ ಅಂತ ಹೋದವರು. ಇನ್ನೊಂದು ವಿಷಯ. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿಯೇ ಕೆಲಸ ಮಾಡುತ್ತಿದ್ದರು. ಅಂಥ ಕೂಡಿಕೆ ಬೇಡ ಅಂತಲೇ ಅಲ್ವಾ ಕಿಲಿಯನ್ ಕಡೆಯವರು ಊರು ಬಿಟ್ಟಿದ್ದು? ಹೋಲಿಕೆ ಬೇಕಿದ್ದರೆ ಈ ವ್ಯತ್ಯಾಸವನ್ನೇ ಬರೆಯಿರಿ. ಇಲ್ಲದಿದ್ದರೆ ಮಂಗಳೂರನ್ನು ಬಿಟ್ಟುಬಿಡಿ. ಕನ್ನಡದ ಓದುಗರಿಗೆ ಪ್ರತಿ ಊರಿನಲ್ಲೂ ಒಂದು ಮಂಗಳೂರು ತೋರಿಸಬೇಕಾಗಿಲ್ಲ.

ಈಗ ಮೂರನೇ ಪ್ಯಾರಾ. "ಜಮೀನು ಖರೀದಿಸಲಾಯಿತು. ಚರ್ಚ್ ನಿರ್ಮಿಸಲಾಯಿತು. ಶಾಲೆ ಆರಂಭಿಸಲಾಯಿತು. ಸಭೆಯನ್ನು ಮಿಸೌರಿ ಸಿನಡ್‌ಗೆ ಸೇರಿಸಲಾಯಿತು." (ಮಿಸೌರಿ ಸಿನಡ್ ಅಂದರೆ ಅಮೆರಿಕದ ಲೂಥರನ್ ಸಭೆಗಳ ಒಂದು ಒಕ್ಕೂಟ.)

ಈ 'ಲಾಯಿತು' ನಿಮ್ಮ ಲೇಖನದಲ್ಲಿ ಎಷ್ಟಿವೆ ಅಂತ ಎಣಿಸಲು ಹೋಗಿ ಬೇಜಾರಾಗಿ ಬಿಟ್ಟೆ. ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ. ಅಲ್ಲಿ ನಮ್ಮ ಮೇಲೆ ಒಬ್ಬರು ಹಿರಿಯರಿದ್ದರು. ಎಲ್ಲರೂ ಮಾಸ್ತರ್ ಅನ್ನುತ್ತಿದ್ದೆವು. ಹೊಸ ಹುಡುಗರು ಬರೆದ ಕಾಪಿಯಲ್ಲಿ ಇಂಥ ವಾಕ್ಯ ಸಿಕ್ಕರೆ ಕೂಗಿ ಕರೆಯುತ್ತಿದ್ದರು. "ಗುಡಿ ತಾನಾ ಎದ್ದು ನಿಂತಿತೇನಪಾ? ಯಾರ ಕಟ್ಟಿದ್ರು? ರೊಕ್ಕ ಯಾರ ಕೊಟ್ರು? ಕೊಡದವರ‍್ಯಾರು?" ಕೊನೆಯ ಪ್ರಶ್ನೆ ಕೇಳುವಾಗ ಕನ್ನಡಕ ತೆಗೆಯುತ್ತಿದ್ದರು.

ಒಂದು ಸಲ ಹಳ್ಳಿಯ ಸಹಕಾರಿ ಸಂಘವೊಂದರ ಸುವರ್ಣ ಮಹೋತ್ಸವಕ್ಕೆ ನನ್ನನ್ನು ಕಳಿಸಿದರು. ಸಂಘದ ಕಾರ್ಯದರ್ಶಿ ನನ್ನ ಕೈಗೆ ಸ್ಮರಣ ಸಂಚಿಕೆ ಕೊಟ್ಟು ಎಲ್ಲ ಇದರಲ್ಲಿದೆ ಅಂದರು. ಅದರಲ್ಲಿ ಎಲ್ಲವೂ 'ನೆರವೇರಿತು', ಎಲ್ಲರೂ 'ಶ್ರಮಿಸಿದರು'. ಮಾಸ್ತರ್ ಮೊದಲೇ ಹೇಳಿ ಕಳಿಸಿದ್ದರು, ಸಂಚಿಕೆ ನಂಬಬ್ಯಾಡ, ನಡಾವಳಿ ಪುಸ್ತಕ ಕೇಳು ಅಂತ. ಕೇಳಿದೆ. ಕೊಡಲು ಮನಸ್ಸಿರಲಿಲ್ಲ, ಆದರೂ ಚಹಾ ಕೊಟ್ಟು ಕೂರಿಸಿ ಕೊಟ್ಟರು. ತೂಕದ ಕಲ್ಲು ಯಾರ ಮನೆಯಲ್ಲಿ ಇರಬೇಕು ಅಂತ ಪುಟಗಟ್ಟಲೆ ಜಗಳ. ಒಬ್ಬ ಸದಸ್ಯ ಪ್ರತಿ ಸಭೆಯಲ್ಲೂ ಎದ್ದು ಹೋಗಿದ್ದಾನೆ, ಮುಂದಿನ ಸಭೆಗೆ ಮತ್ತೆ ಬಂದಿದ್ದಾನೆ. ಅವನ ಸಹಿ ಮಾತ್ರ ಎಲ್ಲೂ ತಪ್ಪಿಲ್ಲ. ಆ ಸಂಘ ಅಷ್ಟು ವರ್ಷ ಯಾಕೆ ಉಳಿಯಿತು ಅಂತ ನನಗೆ ತಿಳಿದಿದ್ದು ಆ ಸಹಿಗಳನ್ನು ನೋಡಿ. ಮಾಸ್ತರ್ ಅದನ್ನು ಮೊದಲ ಪುಟಕ್ಕೆ ಹಾಕಲಿಲ್ಲ, ಒಳಪುಟಕ್ಕೆ ಹಾಕಿದರು. ಆ ಮಾತು ಬೇರೆ.

ನಿಮ್ಮ 'ಖರೀದಿಸಲಾಯಿತು' ಬಿಡಿಸಿ ನೋಡೋಣ. ರ‍್ಯಾಬ್ಸ್ ಕ್ರೀಕ್ ಅನ್ನುವ ಹಳ್ಳದ ಬದಿಯಲ್ಲಿ 4,254 ಎಕರೆ. ಅದನ್ನು ಮನೆತನಗಳು ಹಂಚಿಕೊಂಡವು. 95 ಎಕರೆ ಚರ್ಚಿಗೂ ಶಾಲೆಗೂ ಎತ್ತಿಟ್ಟರು. ಹಡಗಿನಿಂದ ಇಳಿದು, ಮನೆಯವರನ್ನು ಕಳೆದುಕೊಂಡು, ಎತ್ತಿನ ಗಾಡಿಯಲ್ಲಿ ಒಳನಾಡಿಗೆ ಬಂದವರು, ತಮಗೆ ಸೂರು ಏಳುವ ಮೊದಲೇ ಚರ್ಚಿಗೆ ಇಷ್ಟು ಅಂತ ಅಳೆದಿಟ್ಟರು. ಇದಕ್ಕಿಂತ ದೊಡ್ಡ ವಾಕ್ಯ ನಿಮಗೆ ಎಲ್ಲಿ ಸಿಗುತ್ತದೆ? ಆ ನೆಲ ಎಂಥದ್ದು? ಮರಳು ಮಣ್ಣು, ಓಕ್ ಮರಗಳ ಕುರುಚಲು. ಮೆಕ್ಕೆಜೋಳ, ಹತ್ತಿ ಬೆಳೆದರು. ಸಾಲದೆ ಬಂದಾಗ ಮಕ್ಕಳು ಒಳ್ಳೆಯ ನೆಲ ಹುಡುಕಿಕೊಂಡು ವಾರ್ಡಾ, ಫೆಡರ್ ಕಡೆ ಹೋದರು. ಹೋದಲ್ಲಿ ಮತ್ತೆ ಲೂಥರನ್ ಚರ್ಚು ಕಟ್ಟಿದರು. ನೀವು ಮಣ್ಣಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ರೈತರ ಸಭೆಯ ಚರಿತ್ರೆಯಲ್ಲಿ ಮಣ್ಣೇ ಇಲ್ಲದಿದ್ದರೆ ಹೇಗೆ?

'ನಿರ್ಮಿಸಲಾಯಿತು' ಕೂಡ ಹಾಗೇ. ಈಗಿರುವ ಕಲ್ಲಿನ ಚರ್ಚು ಮುಗಿದಿದ್ದು 1871ರಲ್ಲಿ. ನಡುವೆ ಅಮೆರಿಕದ ಅಂತರ್ಯುದ್ಧ ಬಂದು ಹೋಗಿದೆ. ಪ್ರಸಂಗಪೀಠ ನೆಲದಿಂದ ಸುಮಾರು 20 ಅಡಿ ಮೇಲೆ, ಬಾಲ್ಕನಿಯ ಮಟ್ಟದಲ್ಲಿ ಇದೆ ಅಂತ ಸೊಗಸಾಗಿ ವರ್ಣಿಸಿದ್ದೀರಿ. ಗಂಡಸರು ಮೇಲೆ ಬಾಲ್ಕನಿಯಲ್ಲಿ, ಹೆಂಗಸರು ಮಕ್ಕಳು ಕೆಳಗೆ ಕೂರುತ್ತಿದ್ದರು ಅಂತಲೂ ಬರೆದಿದ್ದೀರಿ. ಅಲ್ಲಿಗೇ ನಿಲ್ಲಿಸಿ ಚಾವಣಿಯ ನೀಲಿ ಬಣ್ಣಕ್ಕೆ ಹೋಗಿಬಿಟ್ಟಿರಿ. ಪಾದ್ರಿ ಗಂಡಸರ ಮುಖಕ್ಕೆ ಸರಿಯಾಗಿ ನಿಂತು ಮಾತಾಡುತ್ತಿದ್ದರು. ಕೆಳಗಿನ ಹೆಂಗಸರು ಕತ್ತು ಎತ್ತಬೇಕಿತ್ತು. ನೀವು ಆ ಕೆಳಗಿನ ಬೆಂಚಿನ ಮೇಲೆ ಕೂತಿರಿ ತಾನೇ? ಅಲ್ಲಿಂದ ಏನು ಕಾಣಿಸಿತು? ಅದನ್ನು ಬರೆಯಬಲ್ಲವರು ನೀವು, ನಾನಲ್ಲ.

ಇನ್ನು ನನ್ನನ್ನು ಜಾಸ್ತಿ ಕೆರಳಿಸಿದ ವಾಕ್ಯ. "ಭಕ್ತರೆಲ್ಲರೂ ಒಂದೇ ಕುಟುಂಬದಂತೆ ಸಾಮರಸ್ಯದಿಂದ ಬಾಳಿದರು."

ಕುಟುಂಬದಂತೆ ಅನ್ನುವುದು ಸರಿ. ಸಾಮರಸ್ಯ ಅನ್ನುವುದು ಸುಳ್ಳು. ಬಂದು ನಾಲ್ಕು ವರ್ಷಕ್ಕೆ, 1858ರಲ್ಲಿ, ಸಭೆ ಒಡೆಯಿತು. ಕೆಲವರಿಗೆ ಭಾವಾವೇಶದ ಪ್ರಾರ್ಥನಾ ಕೂಟಗಳು ಬೇಕಾಗಿದ್ದವು. ಕಿಲಿಯನ್‌ಗೆ ಅದು ಸುತಾರಾಂ ಒಪ್ಪಿಗೆಯಿಲ್ಲ. ಕೂಟ ಬೇಕೆಂದವರು ಬೇರೆಯಾದರು, 1860ರ ದಶಕದಲ್ಲಿ ಮತ್ತೆ ಕೂಡಿಕೊಂಡರು. 1870ರಲ್ಲಿ ಮತ್ತೆ ಒಡೆಯಿತು. ಸೇಂಟ್ ಪೀಟರ್ ಅನ್ನುವ ಇನ್ನೊಂದು ಲೂಥರನ್ ಸಭೆ ಅದೇ ಪುಟ್ಟ ಊರಿನಲ್ಲಿ ಎದ್ದಿತು. ಆರಾಧನೆ ವೆಂಡಿಶ್‌ನಲ್ಲೋ ಜರ್ಮನ್‌ನಲ್ಲೋ ಅನ್ನುವುದೂ ಆ ಜಗಳದಲ್ಲಿ ಸೇರಿತ್ತು. ಈ ಎರಡು ಸಭೆಗಳು ಒಂದಾಗಿದ್ದು 1914ರಲ್ಲಿ. 44 ವರ್ಷ! ಇಸವಿ ಇನ್ನೊಂದು ಸಲ ನೋಡಿ. ಈ ಕಲ್ಲಿನ ಚರ್ಚು ಮುಗಿದಿದ್ದೇ ಎರಡನೇ ಒಡಕಿನ ಮರುವರ್ಷ. ಅಂದರೆ ನೀವು ಫೋಟೋ ತೆಗೆದ ಆ ಚಂದದ ಬಾಲ್ಕನಿಗೆ ಕಲ್ಲು ಹೊತ್ತವರಲ್ಲಿ ಕೆಲವರು ಅಲ್ಲಿ ಕೂರಲೇ ಇಲ್ಲದಿರಬಹುದು. ಮಾಸ್ತರ್ ಇದ್ದಿದ್ದರೆ ಕನ್ನಡಕ ತೆಗೆಯುತ್ತಿದ್ದ ಜಾಗ ಇದು.

ನೀವು ಯಾಕೆ ಬಿಟ್ಟಿರಿ ಅಂತ ಊಹಿಸಬಲ್ಲೆ. ಬೇರೆಯವರ ಧರ್ಮ, ಬೇರೆಯವರ ಊರು, ಕರೆದು ಚರ್ಚು ತೋರಿಸಿ ನೂಡಲ್ಸ್ ಕೊಟ್ಟರು. ಅವರ ಮನೆ ಜಗಳ ನಾನು ಬರೆಯುವುದೇ ಅನ್ನುವ ಸಂಕೋಚ. ಒಳ್ಳೆಯ ಸಂಕೋಚ ಅದು. ಆದರೆ ಈ ಜಗಳವನ್ನು ಅಲ್ಲಿನವರು ಮುಚ್ಚಿಟ್ಟಿಲ್ಲ. ತಮ್ಮ ಚರಿತ್ರೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ರಾಜ ಹೇಳಿದ ಒಂದು ಮಾತಿಗೆ ಒಪ್ಪದೆ ದೇಶ ಬಿಟ್ಟವರು, ಪಾದ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆಯೇ? ಹಡಗು ಹತ್ತಿಸಿದ ಹಟವೇ ಸಭೆಯನ್ನೂ ಒಡೆಯಿತು ಅಂತ ನನಗೆ ಅನಿಸುತ್ತದೆ. ನಿಮಗೆ ಬೇರೆ ಅನಿಸಿದರೆ ಅದನ್ನು ಬರೆಯಿರಿ. ಆದರೆ ಸಾಮರಸ್ಯ ಅಂತ ಬಳಿದು ಹೋಗಬೇಡಿ.

ಈ ಬಳಿಯುವಿಕೆಯಿಂದ ಇನ್ನೊಂದು ನಷ್ಟವಾಗಿದೆ. ಜಗಳ ತೆಗೆದ ಮೇಲೆ ಲೇಖನದಲ್ಲಿ ಉಳಿದಿರುವ ಮನುಷ್ಯ ಒಬ್ಬರೇ, ಕಿಲಿಯನ್. ಅವರು ದೊಡ್ಡ ಮನುಷ್ಯ, ಎರಡು ಮಾತಿಲ್ಲ. ವೆಂಡಿಶ್, ಜರ್ಮನ್, ಇಂಗ್ಲಿಷ್ ಮೂರರಲ್ಲೂ ಪ್ರಸಂಗ ಮಾಡಿದರು, ವೆಂಡಿಶ್‌ನಲ್ಲಿ ಗೀತೆ ಬರೆದರು, ಮಕ್ಕಳಿಗೆ ಪಾಠ ಹೇಳಿದರು. 1884ರಲ್ಲಿ ಅವರು ತೀರಿಕೊಂಡ ಮೇಲೂ ಮಗ ಹರ್ಮನ್ 1920ರವರೆಗೆ ಅದೇ ಸಭೆ ನಡೆಸಿದರು. ಆದರೆ ನೀವು ಬರೆಯಲು ಹೊರಟಿದ್ದು ಸಭೆಯ ಚರಿತ್ರೆ. ರೈಲು ಇವರ ಊರಿಗೆ ಬರದೆ ಗಿಡಿಂಗ್ಸ್‌ಗೆ ಹೋಯಿತು. ಅಂಗಡಿ, ವ್ಯಾಪಾರ ಅದರ ಹಿಂದೆ ಹೋಯಿತು. ಚರ್ಚು ಮಾತ್ರ ಇಲ್ಲೇ ಉಳಿಯಿತು. ಉಳಿಸಿದವರು ಭಾನುವಾರ ಗಾಡಿ ಕಟ್ಟಿಕೊಂಡು ಬಂದ ಜನ. ಅವರಲ್ಲಿ ಒಬ್ಬರನ್ನಾದರೂ ಒಳಗೆ ಕರೆಯಿರಿ.

ಕರೆಯಲು ದಾರಿಯನ್ನು ನೀವೇ ಬಿಟ್ಟಿದ್ದೀರಿ. ಕೊನೆಯ ಪುಟದಲ್ಲಿ ಮ್ಯೂಸಿಯಂನ ವಯಸ್ಸಾದ ಹೆಂಗಸೊಬ್ಬರು ನಿಮಗೆ ಹೇಳಿದ ಮಾತಿದೆ. "ನಮ್ಮಜ್ಜಿ ಬೈಯುವಾಗ ಮಾತ್ರ ವೆಂಡಿಶ್ ಆಡ್ತಿದ್ರು." ಇಡೀ ಲೇಖನದಲ್ಲಿ ನಾನು ಎರಡು ಸಲ ಓದಿದ ವಾಕ್ಯ ಇದೊಂದೇ. ಚರ್ಚಿನಲ್ಲಿ ವೆಂಡಿಶ್ ಆರಾಧನೆ 1920ರ ದಶಕದ ಆರಂಭಕ್ಕೆ ನಿಂತುಹೋಯಿತು. ಬೈಗುಳದಲ್ಲಿ ಅದಕ್ಕಿಂತ ಜಾಸ್ತಿ ದಿನ ಬಾಳಿತು ಅಂತಾಯ್ತು. ಇಂಥ ಮಾತು ಸಿಕ್ಕ ಮೇಲೂ ಅದರ ಮುಂದಿನ ವಾಕ್ಯ "ಈ ರೀತಿಯಾಗಿ ಭಾಷೆಯು ನಶಿಸಲ್ಪಟ್ಟಿತು" ಅಂತ ಬರೆಯುತ್ತೀರಲ್ಲ!

ಮಾಡಬೇಕಾದ್ದು ಇದು. ಆ ಹೆಂಗಸಿನ ಹತ್ತಿರ ಮತ್ತೆ ಹೋಗಿ. ಅವರ ಮನೆತನ ಸೇಂಟ್ ಪಾಲ್ ಕಡೆಯೋ ಸೇಂಟ್ ಪೀಟರ್ ಕಡೆಯೋ ಕೇಳಿ. ಎರಡೂ ಕಡೆ ಇದ್ದರೆ ಇನ್ನೂ ಒಳ್ಳೆಯದು, ಮದುವೆಗಳು ಹೇಗೆ ನಡೆದವು ಅಂತ ಕೇಳಿ. ಸಭೆಯ ದೀಕ್ಷಾಸ್ನಾನದ, ಮರಣದ ದಾಖಲೆ ಪುಸ್ತಕ ತೋರಿಸಲು ಹೇಳಿ. ಹಡಗಿನಲ್ಲಿ ತಂದ ಗಂಟೆ ನಿಮ್ಮ ಆಸ್ಟಿನ್‌ನ ಕಾಂಕೋರ್ಡಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದೆ, ಅದನ್ನು ನೋಡಿ ಬನ್ನಿ. ಪೀಠಿಕೆಯಲ್ಲಿರುವ ಮಾರ್ಟಿನ್ ಲೂಥರ್ ಜೀವನ ಚರಿತ್ರೆಯನ್ನು ಪೂರ್ತಿ ತೆಗೆಯಿರಿ, ಅದರ ಅರ್ಧದಷ್ಟು ಜಾಗವನ್ನು ಎರಡು ಒಡಕುಗಳಿಗೆ ಕೊಡಿ. ಉಳಿದ ಭಾಗಗಳ ಬಗ್ಗೆ ನಾನು ಏನೂ ಹೇಳಿಲ್ಲ. ಅವು ಹಾಗೇ ಇರಲಿ, ಎರಡನೇ ಸಲ ಬಂದಾಗ ನೋಡೋಣ.

ದೀಪಾವಳಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ನೀವು ಚರ್ಚಿನ ಮುಂದೆ ನಿಂತಿರುವ ಫೋಟೋ ಬೇಡ. ಕೆಳಗಿನ ಬೆಂಚಿನಲ್ಲಿ ಕೂತು, ಮೇಲಿನ ಪ್ರಸಂಗಪೀಠ ಕಾಣುವ ಹಾಗೆ ಒಂದು ತೆಗೆದು ಕಳಿಸಿ. ಸೈಜ್ ದೊಡ್ಡದಿರಲಿ. ಹೋದ ಸಲದವು ಪ್ರಿಂಟ್‌ಗೆ ಸಾಲುವುದಿಲ್ಲ ಅಂತ ನಮ್ಮ ಪುಟ ಕಟ್ಟುವ ಹುಡುಗ ಹೇಳುತ್ತಿದ್ದಾನೆ.

ಇತಿ,
ಸಂಪಾದಕ