ಹಿಮೋಫಿಲಿಯಾದಲ್ಲಿ ಕೆಡುವುದು ಒಂದು ದಾರಿ ಮಾತ್ರ, ಮತ್ತೆ ರಕ್ತ ಯಾಕೆ ನಿಲ್ಲುವುದಿಲ್ಲ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ರಕ್ತ ಹೆಪ್ಪುಗಟ್ಟಲು ಒಳದಾರಿ, ಹೊರದಾರಿ ಅಂತ ಎರಡು ದಾರಿ ಇವೆ ಎಂದು ಪುಸ್ತಕದಲ್ಲಿ ಓದಿದ್ದೀರಿ. ಹಿಮೋಫಿಲಿಯಾ ಅನ್ನುವ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಲ್ಲಿ, ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ 9 ಕಡಿಮೆ ಇರುತ್ತದೆ, ಅಂದರೆ ಒಳದಾರಿ ಮಾತ್ರ ಕೆಟ್ಟಿರುತ್ತದೆ. ಹೊರದಾರಿ ಸರಿಯಾಗಿಯೇ ಇದೆಯಲ್ಲ, ಅದರಿಂದ ಯಾಕೆ ಕೆಲಸ ನಡೆಯುವುದಿಲ್ಲ?

ನಾನು ಲ್ಯಾಬ್‌ನಲ್ಲಿ ಇದೇ ಪರೀಕ್ಷೆಗಳನ್ನು ಮಾಡುವವಳು. ಹೊಸದರಲ್ಲಿ ನನಗೂ ಇದೇ ಅನುಮಾನ ಇತ್ತು. ಆ ಎರಡು ದಾರಿಗಳು ಟ್ಯೂಬ್‌ನೊಳಗೆ ಕಾಣುವ ದಾರಿಗಳು. ದೇಹದಲ್ಲಿ ನಡೆಯುವುದು ಒಂದೇ ಕೆಲಸ, ಆದರೆ ಎರಡು ಸುತ್ತಿನಲ್ಲಿ. ಮೊದಲ ಸುತ್ತು ಚಿಕ್ಕದು, ಎರಡನೆಯದು ದೊಡ್ಡದು. ಹಿಮೋಫಿಲಿಯಾ ಇದ್ದವರಲ್ಲಿ ಆ ಎರಡನೆಯದೇ ಸರಿಯಾಗಿ ಶುರುವಾಗುವುದಿಲ್ಲ.

ಫ್ಯಾಕ್ಟರ್‌ಗಳು ಬಹುಪಾಲು ಪ್ರೋಟೀನ್‌ಗಳು. ಹೆಚ್ಚಿನವು ಲಿವರ್‌ನಲ್ಲಿ ತಯಾರಾಗಿ, ಕೆಲಸವಿಲ್ಲದೆ ರಕ್ತದಲ್ಲಿ ಸುಮ್ನೆ ಓಡಾಡಿಕೊಂಡಿರುತ್ತವೆ. 1ರಿಂದ 13ರವರೆಗೆ ನಂಬರ್ ಇದೆ, ಆದರೆ 6 ಇಲ್ಲ. ಅದು 5ರದ್ದೇ ಎಚ್ಚೆತ್ತ ರೂಪ ಅಂತ ಆಮೇಲೆ ಗೊತ್ತಾಗಿ ಕೈಬಿಟ್ಟರು. 4 ಅಂದರೆ ಕ್ಯಾಲ್ಸಿಯಂ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 3, ಅಂದರೆ ಟಿಶ್ಯೂ ಫ್ಯಾಕ್ಟರ್. ಅದು ಹರಿಯುವ ರಕ್ತಕ್ಕೆ ಸಿಗುವ ಜಾಗದಲ್ಲಿ ಇರುವುದಿಲ್ಲ. ರಕ್ತನಾಳದ ಸುತ್ತಲಿನ ಜೀವಕೋಶಗಳ ಮೇಲೆ ಕೂತಿರುತ್ತದೆ. ನಾಳಕ್ಕೆ ಗಾಯವಾಗದೆ ರಕ್ತಕ್ಕೂ ಅದಕ್ಕೂ ಭೇಟಿಯೇ ಇಲ್ಲ. ಆರೋಗ್ಯವಂತರ ರಕ್ತ ನಾಳದೊಳಗೇ ಹೆಪ್ಪುಗಟ್ಟದೆ ಇರುವುದಕ್ಕೆ ಇದು ದೊಡ್ಡ ಕಾರಣ.

ಈಗ ಚರ್ಮ ಕೊಯ್ದಿತು ಅಂದುಕೊಳ್ಳಿ. ಮೊದಲು ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತದಲ್ಲಿನ ಪುಟ್ಟ ಕಣಗಳು, ಬಂದು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಇದು ತಾತ್ಕಾಲಿಕ ಮುಚ್ಚಳ. ಅದೇ ಹೊತ್ತಿಗೆ ಟಿಶ್ಯೂ ಫ್ಯಾಕ್ಟರ್ ಮತ್ತು 7 ಸೇರಿಕೊಂಡು 10ನ್ನು ಎಬ್ಬಿಸುತ್ತವೆ, 9ನ್ನೂ ಎಬ್ಬಿಸುತ್ತವೆ. 10ರಿಂದ ಒಂದಿಷ್ಟು ಥ್ರಾಂಬಿನ್, ಅಂದರೆ ಹೆಪ್ಪು ಕಟ್ಟಿಸುವ ಕಿಣ್ವ, ಹುಟ್ಟುತ್ತದೆ. ಆದರೆ ಅದು ತೀರಾ ಕಡಿಮೆ. ಗಟ್ಟಿ ಹೆಪ್ಪು ಕಟ್ಟಲು ಸಾಲದು.

ಯಾಕೆ ಅಷ್ಟು ಕಡಿಮೆ? ರಕ್ತದಲ್ಲಿ ಟಿಎಫ್‌ಪಿಐ ಅನ್ನುವ ಇನ್ನೊಂದು ಪ್ರೋಟೀನ್ ಇದೆ. 10 ಎಚ್ಚೆತ್ತ ಕೂಡಲೇ ಅದು ಬಂದು ಟಿಶ್ಯೂ ಫ್ಯಾಕ್ಟರ್-7 ಜೋಡಿಯ ಕೆಲಸ ನಿಲ್ಲಿಸಿಬಿಡುತ್ತದೆ. ಗಾಳಿ ಬೀಸುವ ಕಡೆ ಒಲೆ ಹಚ್ಚಿದ ಹಾಗೆ ಇದು. ಕಡ್ಡಿ ಆರುವುದರೊಳಗೆ ಸೌದೆಗೆ ಬೆಂಕಿ ಹತ್ತಬೇಕು. ಹತ್ತದಿದ್ದರೆ ಕಡ್ಡಿ ಎಷ್ಟು ಚೆನ್ನಾಗಿ ಹೊತ್ತಿತ್ತು ಅಂತ ಹೇಳಿ ಏನೂ ಪ್ರಯೋಜನವಿಲ್ಲ. ನೀವು ಕೇಳಿದ ಹೊರದಾರಿ ಆ ಕಡ್ಡಿ. 8 ಮತ್ತು 9 ಆ ಸೌದೆ.

ಆ ಚಿಟಿಕೆಯಷ್ಟು ಥ್ರಾಂಬಿನ್ ಸುಮ್ಮನಿರುವುದಿಲ್ಲ. ಪ್ಲೇಟ್‌ಲೆಟ್‌ಗಳನ್ನು ಇನ್ನೂ ಕೆರಳಿಸುತ್ತದೆ. 5, 8, 11 ಮೂರನ್ನೂ ಎಬ್ಬಿಸುತ್ತದೆ. ಆಮೇಲೆ ಪ್ಲೇಟ್‌ಲೆಟ್ ಮೇಲ್ಮೈಯಲ್ಲಿ 9 ಮತ್ತು 8 ಜೋಡಿಯಾಗಿ ಕೂತು 10ನ್ನು ಬೇಕಾದಷ್ಟು ಎಬ್ಬಿಸುತ್ತವೆ. 8 ಜೊತೆಗಿದ್ದಾಗ 9ರ ವೇಗ ಸಾವಿರಾರು ಪಟ್ಟು ಹೆಚ್ಚುತ್ತದೆ. 10 ಮತ್ತು 5 ಸೇರಿ ಥ್ರಾಂಬಿನ್‌ನ ಪ್ರವಾಹವನ್ನೇ ಹರಿಸುತ್ತವೆ. ಆ ಥ್ರಾಂಬಿನ್ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನುವ ಪ್ರೋಟೀನನ್ನು ಕತ್ತರಿಸಿ ಫೈಬ್ರಿನ್ ಎಳೆಗಳನ್ನು ಮಾಡುತ್ತದೆ. ಕೊನೆಗೆ 13 ಬಂದು ಎಳೆಗಳನ್ನು ಒಂದಕ್ಕೊಂದು ಭದ್ರವಾಗಿ ಬೆಸೆಯುತ್ತದೆ.

8 ಅಥವಾ 9 ಇಲ್ಲದಿದ್ದರೆ ಏನಾಗುತ್ತದೆ ಅಂತ ಈಗ ನಿಮಗೇ ಹೊಳೆದಿರಬೇಕು. ಪ್ಲೇಟ್‌ಲೆಟ್ ಮುಚ್ಚಳ ಕೂರುತ್ತದೆ. ಹಾಗಾಗಿ ಸಣ್ಣ ತರಚು ಗಾಯದ ರಕ್ತ ಸಾಮಾನ್ಯವಾಗಿ ನಿಲ್ಲುತ್ತದೆ. ಹಿಮೋಫಿಲಿಯಾ ಇದ್ದವರಿಗೆ ಸೂಜಿ ಚುಚ್ಚಿದರೂ ಜೀವ ಹೋಗುತ್ತದೆ ಅನ್ನುವ ಮಾತು ಸುಳ್ಳು. ಆದರೆ ಆ ಮುಚ್ಚಳವನ್ನು ಹಿಡಿದಿಡುವ ಫೈಬ್ರಿನ್ ಸಾಲುವುದಿಲ್ಲ. ಹಲ್ಲು ಕಿತ್ತಾಗ ನಿಂತಿದ್ದ ರಕ್ತ ಎಷ್ಟೋ ಗಂಟೆಯ ಮೇಲೆ ಮತ್ತೆ ಶುರುವಾಗುವುದು ಇದಕ್ಕೇ. ಕೀಲು ಮತ್ತು ಸ್ನಾಯುಗಳಲ್ಲಿ ಟಿಶ್ಯೂ ಫ್ಯಾಕ್ಟರ್ ಮೊದಲೇ ಕಡಿಮೆ. ಅಲ್ಲಿ ಎರಡೂ ಸುತ್ತು ಸೊರಗುತ್ತವೆ. ಮಂಡಿ, ಮೊಣಕೈ, ಪಾದದ ಕೀಲುಗಳೊಳಗೆ ಮತ್ತೆ ಮತ್ತೆ ರಕ್ತ ತುಂಬುತ್ತದೆ.

ಹಾಗಾದರೆ ಪುಸ್ತಕದ ಎರಡು ದಾರಿ ಎಲ್ಲಿಂದ ಬಂತು? ನಮ್ಮ ಪರೀಕ್ಷೆಗಳಿಂದ. ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಸಿಟ್ರೇಟ್ ಇರುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಹೆಪ್ಪು ಕಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪರೀಕ್ಷೆ ಎರಡು. ಹೊರದಾರಿ ನೋಡುವ ಪಿಟಿ ಪರೀಕ್ಷೆಗೆ ನಾವು ಪ್ಲಾಸ್ಮಾಗೆ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವಕ್ಕೆ, ಕ್ಯಾಲ್ಸಿಯಂ ಜೊತೆ ಟಿಶ್ಯೂ ಫ್ಯಾಕ್ಟರ್ ಹಾಕುತ್ತೇವೆ, ಅದೂ ಧಾರಾಳವಾಗಿ. ಅಷ್ಟಿದ್ದರೆ ಮೊದಲ ಸುತ್ತಿನಲ್ಲೇ ಸೆಕೆಂಡುಗಳಲ್ಲಿ ಹೆಪ್ಪು ಕಟ್ಟುತ್ತದೆ. 8, 9ರ ಅಗತ್ಯವೇ ಬೀಳುವುದಿಲ್ಲ. ಒಳದಾರಿ ನೋಡುವ ಎಪಿಟಿಟಿ ಪರೀಕ್ಷೆಯಲ್ಲಿ ಟಿಶ್ಯೂ ಫ್ಯಾಕ್ಟರ್ ಹಾಕುವುದಿಲ್ಲ. ಸಿಲಿಕಾದಂಥ ಪುಡಿಯಿಂದ 12ನ್ನು ಎಬ್ಬಿಸುತ್ತೇವೆ. ಅಲ್ಲಿಂದ 11, 9, 8, 10 ಹೀಗೆ ಸಾಗುತ್ತದೆ.

ಆದರೆ ಗಾಯದ ರಕ್ತ ನಿಲ್ಲಿಸಲು ದೇಹಕ್ಕೆ 12 ಬೇಕೇ ಇಲ್ಲ. 1955ರಲ್ಲಿ ಅಮೆರಿಕದ ಜಾನ್ ಹೇಗ್‌ಮನ್ ಅನ್ನುವವರ ವಿಷಯ ಪ್ರಕಟವಾಯಿತು. ಅವರ ರಕ್ತ ಗಾಜಿನ ಟ್ಯೂಬ್‌ನಲ್ಲಿ ಬಹಳ ಹೊತ್ತು ಹೆಪ್ಪುಗಟ್ಟುತ್ತಿರಲಿಲ್ಲ. ಆದರೂ ಅವರಿಗೆ ರಕ್ತಸ್ರಾವದ ತೊಂದರೆ ಇರಲಿಲ್ಲ. ಇಲ್ಲದೆ ಇದ್ದದ್ದು ಫ್ಯಾಕ್ಟರ್ 12. 1968ರಲ್ಲಿ ಅವರು ತೀರಿಕೊಂಡದ್ದು ಶ್ವಾಸಕೋಶದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು. ಟ್ಯೂಬ್ ಬೇರೆ, ದೇಹ ಬೇರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಚಿಕಿತ್ಸೆಯೂ ಇದೇ ತರ್ಕದ ಮೇಲೆ ನಿಂತಿದೆ. ಫ್ಯಾಕ್ಟರ್ 8 ಕೊಟ್ಟರೆ ಎರಡನೇ ಸುತ್ತು ನಡೆಯುತ್ತದೆ. ಆದರೆ ಸಾಮಾನ್ಯ ಫ್ಯಾಕ್ಟರ್ 8 ಸುಮಾರು 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ಪದೇ ಪದೇ ಕೊಡಬೇಕು. ಎಮಿಸಿಜುಮ್ಯಾಬ್ ಅನ್ನುವ ಔಷಧಿ ಒಂದು ಕೈಯಲ್ಲಿ 9, ಇನ್ನೊಂದು ಕೈಯಲ್ಲಿ 10 ಹಿಡಿದು ಹತ್ತಿರ ತರುತ್ತದೆ. 8 ಮಾಡಬೇಕಿದ್ದ ಕೆಲಸ ಅದೇ ಅಲ್ವಾ? ಚರ್ಮದಡಿ ಕೊಡುವ ಇಂಜೆಕ್ಷನ್ ಇದು, ವಾರಗಟ್ಟಲೆ ಉಳಿಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಹಿಮೋಫಿಲಿಯಾದಲ್ಲಿ ಪಿಟಿ ನಾರ್ಮಲ್ ಬರುತ್ತದೆ. ಅಷ್ಟನ್ನೇ ನೋಡಿ ಸಮಾಧಾನ ಪಟ್ಟುಕೊಂಡರೆ ಮಗುವಿನ ಕೀಲು ಹಾಳಾಗುತ್ತಾ ಹೋಗುತ್ತದೆ, ಅದನ್ನು ನೆನೆದರೆ ಸಂಕಟವಾಗುತ್ತದೆ. ಅಂಬೆಗಾಲಿಡುವ ಮಗುವಿಗೆ ಕಾರಣವಿಲ್ಲದೆ ಚರ್ಮದಡಿ ರಕ್ತ ಕಂದಿದ ದೊಡ್ಡ ನೀಲಿ ಕಲೆ, ಮಂಡಿ ಊತ ಬರುತ್ತಿದ್ದರೆ ಎಪಿಟಿಟಿ ಮಾಡಿಸಿ. ತುಸು ಕಡಿಮೆ ಮಟ್ಟದ ಕೊರತೆ ಅದರಲ್ಲೂ ತಪ್ಪಿಸಿಕೊಳ್ಳಬಹುದು, ಹಾಗಾಗಿ 8 ಮತ್ತು 9ರ ಮಟ್ಟ ಅಳೆಯುವ ಬಗ್ಗೆಯೂ ಡಾಕ್ಟರನ್ನು ಕೇಳಿ. ಅದು ಗೊತ್ತಾಗುವವರೆಗೆ ಆಸ್ಪಿರಿನ್ ಬೇಡ. ಸ್ನಾಯುವಿಗೆ ಇಂಜೆಕ್ಷನ್ ಕೊಡುವವರಿಗೆ ನಿಮ್ಮ ಅನುಮಾನವನ್ನು ಮೊದಲೇ ಹೇಳಿ.